ನರ, ಸ್ನಾಯು, ವಾಯು: ನಮ್ಮ ವೈದ್ಯಶಬ್ದಗಳ ವಿಮರ್ಶೆ

ಕಾವ್ಯದಲ್ಲಿ ಶಬ್ದವು ತಪ್ಪಿದರೆ ರಸಭಂಗವಾಗುವುದು; ವೈದ್ಯದಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಆದುದರಿಂದ ಕಾವ್ಯಶಬ್ದಗಳನ್ನು ಒರೆಗೆ ಹಚ್ಚುವಂತೆ ಅವಯವಗಳ ಮತ್ತು ರೋಗಗಳ ಹೆಸರುಗಳನ್ನೂ ಒರೆಗೆ ಹಚ್ಚುವುದು ಸಾಹಿತ್ಯಪತ್ರಿಕೆಗೆ ಅನುಚಿತವಾಗದು. ವೈದ್ಯವು ಕನ್ನಡಕ್ಕೆ ಹೊಸ ವಿಷಯವೂ ಅಲ್ಲ. 12ನೆಯ ಶತಮಾನದ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, 14ನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನೂ ಕನ್ನಡದಲ್ಲಿಯೇ ರಚಿಸಿದರು.

ಈ ಶಬ್ದಗಳ ವಿಚಾರದಲ್ಲಿ ಎರಡು ಪಕ್ಷಗಳುಂಟು. ಸಂಸ್ಕೃತಶಬ್ದಗಳು ಖಚಿತವೂ ಭಾರತಕ್ಕೆಲ್ಲ ಸಾಮಾನ್ಯವೂ ಆದುವೆಂದು ಒಂದು ಪಕ್ಷ. ಮನೆಮಾತಿನ ಶಬ್ದಗಳೇ ಎಲ್ಲರಿಗೂ ತಿಳಿಯುವುವೆಂದು ಇನ್ನೊಂದು. ಎರಡರಲ್ಲಿಯೂ ಅರ್ಧ ಸತ್ಯವಿದೆಯೆಂದು ನಮ್ಮ ಅಭಿಪ್ರಾಯ.

ಮೊದಲು ಮನೆಮಾತನ್ನೇ ನೋಡೋಣ. ಕಾಲಿನ ಮೇಲೆ ನೀಲಿಯಾಗಿ ಉಬ್ಬಿ ಕಾಣುವುದನ್ನು ‘ನರ’ ಎನ್ನುತ್ತೇವೆ, ಅದು ರಕ್ತನಾಳ. ರಾತ್ರಿ ಮೀನಖಂಡವು ಸೆಟೆದರೆ ‘ನರ ಹಿಡಿಯಿತು’ ಎನ್ನುತ್ತೇವೆ; ಹಿಡಿದುದು ಮಾಂಸಖಂಡ. ಹಿಮ್ಮಡಿಯ ಮೇಲ್ಗಡೆ ಹುರಿಯಂತೆ ಕೈಗೆ ಸಿಕ್ಕುವುದೂ ನಮಗೆ ನರವೇ. ಅದು ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಕಟ್ಟು. ಮಿದುಳಿನ ಅಪ್ಪಣೆಯನ್ನು ಒಯ್ದು ಸ್ಪರ್ಶದ ಸುದ್ದಿಯನ್ನು ತರುವ ನಿಜವಾದ ನರವಾದರೋ ಹೊರಗಿನ ಕಣ್ಣಿಗೆ ಬೀಳುವುದೇ ಇಲ್ಲ. ವೈದ್ಯರು ‘ನರದ ದೋಷ’ವೆಂದಾಗ ರೋಗಿಯು ರಕ್ತನಾಳವನ್ನು ನೆನೆದರೆ ಅಪರಾಧವು ರೋಗಿಯದಲ್ಲ. ಇದು ಕನ್ನಡವೊಂದರ ಕೊರತೆಯೂ ಅಲ್ಲ. ಗ್ರೀಕರ ‘ನ್ಯೂರಾನ್’ ಎಂಬ ಶಬ್ದಕ್ಕೆ ಮೊದಲು ದೇಹದ ಹುರಿ, ಬಿಲ್ಲಿನ ಹೆದೆ ಎಂಬ ಅರ್ಥಗಳೇ ಇದ್ದುವು. ಶರೀರವನ್ನು ಕೊಯ್ದು ನೋಡುವ ವಿದ್ಯೆಯು ಬೆಳೆದ ಮೇಲೆ ಅದು ನರವೆಂಬ ಅರ್ಥದಲ್ಲಿ ನಿಂತಿತು.

ಸಂಸ್ಕೃತವನ್ನು ಆಶ್ರಯಿಸಿದರೆ ಈ ತೊಡಕು ತೀರುವುದೆ? ಸುಶ್ರುತಸಂಹಿತೆಯು ದೇಹದಲ್ಲಿ 500 ಪೇಶಿಗಳನ್ನೂ 900 ಸ್ನಾಯುಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಅಲ್ಲಿ ಪೇಶಿಯೆಂದರೆ ಮಾಂಸಖಂಡ, ಸ್ನಾಯುವೆಂದರೆ ಬಿಗಿಯುವ ಕಟ್ಟು. ನಮ್ಮ ಪಠ್ಯಪುಸ್ತಕಗಳಾದರೋ ಮಾಂಸಖಂಡಕ್ಕೇ ಸ್ನಾಯುವೆಂಬ ಹೆಸರನ್ನು ಕೊಟ್ಟುವು, ಮರಾಠಿಯಲ್ಲಿಯೂ ಹಾಗೆಯೇ. ಬಂಗಾಳಿಯಲ್ಲಿ ಅದೇ ಶಬ್ದಕ್ಕೆ ನರವೆಂದು ಅರ್ಥ. ಒಂದೇ ಶಬ್ದವು ಮೂರು ಕಡೆ ಮೂರು ಅಂಗಗಳನ್ನು ಹೇಳುವಾಗ, ಖಚಿತತೆ ಎಲ್ಲಿ? ಸಾಮಾನ್ಯತೆ ಎಲ್ಲಿ?

ಆದರೆ ಶಬ್ದದ ಮೂಲವು ತಪ್ಪಾಗಿದ್ದ ಮಾತ್ರಕ್ಕೆ ಅದನ್ನು ಹೊರದೂಡಬೇಕಾಗಿಲ್ಲ. ‘ಧಮನಿ’ಯು ಊದುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದೆ. ಇಂಗ್ಲಿಷಿನ ‘ಆರ್ಟರಿ’ಗೆ ಮೂಲವಾದ ಗ್ರೀಕ್ ಶಬ್ದವೂ ಮೊದಲು ಶ್ವಾಸನಾಳವನ್ನೇ ಸೂಚಿಸುತ್ತಿದ್ದಿತು, ಆ ನಾಳಗಳಲ್ಲಿ ಹರಿಯುವುದು ವಾಯುವೆಂದು ಪ್ರಾಚೀನ ಗ್ರೀಕರಲ್ಲಿ ಕೆಲವರು ನಂಬಿದ್ದರು. ಅಲ್ಲಿರುವುದು ರಕ್ತವೆಂದು ಗೇಲನ್ ತೋರಿಸಿದನು. 1628ರಲ್ಲಿ ಹಾರ್ವೆಯು ರಕ್ತದ ಪರಿಚಲನೆಯನ್ನು ಪ್ರಕಟಿಸಿದನು. ಎರಡು ಶಬ್ದಗಳೂ ಉಳಿದುವು. ಅವುಗಳೊಳಗಿನ ಗಾಳಿಯನ್ನು ಜನರು ಮರೆತಿರುವುದರಿಂದ ಯಾರಿಗೂ ಹಾನಿಯಿಲ್ಲ.

‘ಪಾರ್ಶ್ವವಾಯು’ವಿನ ಮಾತು ಬೇರೆ. ಇಲ್ಲಿಯ ವಾಯುವನ್ನು ಯಾರೂ ಮರೆತಿಲ್ಲ. ಮುಖವು ಸೊಟ್ಟಗಾಗಿ, ಮಾತು ತೊದಲಿ, ಒಂದು ಪಕ್ಕದ ಕೈಕಾಲು ಬಿದ್ದುಹೋಗುವುದು ಹೊರಗಿನ ನೋಟ. ಕೇಡು ಇರುವುದು ಮಿದುಳಿನಲ್ಲಿ. ಅಲ್ಲಿಯ ರಕ್ತನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿರುತ್ತದೆ, ಇಲ್ಲವೆ ಒಡೆದಿರುತ್ತದೆ. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದರಲ್ಲಿಯೂ ಬೇಗ ಕೊಟ್ಟಷ್ಟು ಫಲ ಹೆಚ್ಚು. ಹೆಸರು ಗಾಳಿಯನ್ನು ಹೇಳಿದರೆ ಮನೆಯವರು ತಿಕ್ಕುವುದಕ್ಕೆ ಎಣ್ಣೆಯನ್ನು ಕಾಯಿಸುವರು. ಮಿದುಳನ್ನು ಹೇಳಿದರೆ ಆಸ್ಪತ್ರೆಗೆ ಓಡುವರು. ‘ಹೃದಯಾಘಾತ’ವೆಂಬ ಮಾತು ಕಿವಿಗೆ ಬಿದ್ದೊಡನೆ ಧಾವಿಸುವ ಜನರೇ ‘ವಾಯು’ವೆಂದಾಗ ಬೆಳಗಾಗಲಿ ಎಂದು ಕಾಯುವುದುಂಟು. ಒಂದು ಶಬ್ದವು ಹೀಗೆ ಆಯುಷ್ಯದ ಗಂಟೆಗಳನ್ನು ನುಂಗಬಾರದು. ‘ಮಿದುಳಿನ ಆಘಾತ’ವೆಂಬ ಹೆಸರು ಈಗಾಗಲೆ ಬಳಕೆಗೆ ಬಂದಿದೆ, ಅದೇ ರೂಢವಾಗತಕ್ಕದ್ದು.

ಹಾಗಾದರೆ ಒಳ್ಳೆಯ ಶಬ್ದವೆಂದರೆ ಯಾವುದು? ‘ಉರಿಯೂತ’ವನ್ನು ನೋಡಿರಿ. ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಹೇಳಿದ್ದಾನೆ. ಆ ನಾಲ್ಕರಲ್ಲಿ ಎರಡು ಈ ಶಬ್ದದಲ್ಲಿ ನೇರವಾಗಿಯೇ ಇವೆ. ‘ಉರಿ’ಯಲ್ಲಿ ನೋವಿನ ಧ್ವನಿಯೂ ಇದೆ. ಶಾಸ್ತ್ರಜ್ಞನಿಗೆ ಖಚಿತ, ಅಜ್ಜಿಗೆ ಸುಬೋಧ. ಕೀಲಿನ ಉರಿಯೂತ, ಕಿವಿಯ ಉರಿಯೂತ ಎಂದು ಯಾವ ಅಂಗದೊಡನೆಯಾದರೂ ಸರಾಗವಾಗಿ ಕೂಡಿಕೊಳ್ಳುತ್ತದೆ.

ಶಬ್ದವು ಯಾವ ಭಾಷೆಯಿಂದ ಬಂದಿತೆಂಬುದು ಮುಖ್ಯವಲ್ಲ. ಅದು ಕೇಳಿದವನನ್ನು ಸರಿಯಾದ ಸ್ಥಾನಕ್ಕೆ ಕರೆದೊಯ್ಯುವುದೆ ಎಂಬುದು ಮುಖ್ಯ. ರಕ್ತ ಹರಿಯುವುದಕ್ಕೆ ರಕ್ತನಾಳ, ಸುದ್ದಿ ಒಯ್ಯುವುದಕ್ಕೆ ನರ, ಎಳೆಯುವುದಕ್ಕೆ ಮಾಂಸಖಂಡ ಎಂದು ಮನೆಯಲ್ಲಿ ಮಕ್ಕಳೆದುರು ಆಡತೊಡಗಿದರೂ ಸಾಕು. ಪರಿಭಾಷೆಯ ಅರ್ಧ ಕೆಲಸವು ಮುಗಿದಂತೆ. ಕೋಶಗಳು ಶಬ್ದವನ್ನು ಪಟ್ಟಿಮಾಡಬಲ್ಲುವು; ಅದಕ್ಕೆ ಜೀವವನ್ನು ತುಂಬತಕ್ಕವರು ಆಡುವವರೇ.