ತೌಡು ಕೊಟ್ಟು ತಂದ ಮಗು: ರಸಿಕರಿಗೊಂದು ಕೈಪಿಡಿ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಕೊಳದ ಮುಂದೆ ನಿಂತು ಮನಸ್ಸಿನಲ್ಲಿ ಬೇಡಿಕೊಂಡರೆ, ನೀರಿನಿಂದ ತೇಲಿ ಬರುವ ವಸ್ತುವೇ ಗಂಗೆಯ ಪ್ರಸಾದ ಎಂಬುದು ಭಕ್ತರ ನಂಬಿಕೆ. ಸಂತಾನ ಬೇಡಿ ಬರುವವರೂ ಇದ್ದಾರೆ. ಮನೆಯ ಮೊದಲ ಮಗು ಹೀಗೆ ಹರಕೆ ಹೊತ್ತು ಪಡೆದದ್ದು. ಎರಡನೆಯದು ಹುಟ್ಟುವ ಹೊತ್ತಿಗೆ ಅದಕ್ಕಾಗಿ ಅಣ್ಣನ ಹಳೇ ಅಂಗಿ ಕಾದಿರುತ್ತದೆ. ಒಡಹುಟ್ಟಿದವರ ಹಾಸ್ಯಕ್ಕೆ ಇಷ್ಟು ಬಂಡವಾಳ ಸಾಕು.

ಈ ಹಾಸ್ಯವನ್ನು ಸವಿಯಲು ಮೊದಲ ಪಾಠ ಮನೆಯಲ್ಲೇ ಸಿಗುತ್ತದೆ. "ನಿನ್ನನ್ನ ತೌಡು ಕೊಟ್ಟು ತಗೊಂಡಿದ್ದು ಕಣೋ" ಎಂದು ಅಕ್ಕ ಅಂದಾಗ ತಮ್ಮ ಅಳುತ್ತಾ ಅಮ್ಮನ ಹತ್ತಿರ ಓಡುತ್ತಾನೆ. ಹೊಸಬರು ಅಳುವ ತಮ್ಮನನ್ನೋ ಕಿಸಕ್ಕೆನ್ನುವ ಅಕ್ಕನನ್ನೋ ನೋಡುತ್ತಾರೆ. ನೋಡಬೇಕಾದದ್ದು ಅಮ್ಮನನ್ನು. ಆಕೆ ಕೂಡಲೇ ಅಲ್ಲಗಳೆಯುವುದಿಲ್ಲ. "ಎಷ್ಟು ಸೇರು ಕೊಟ್ಟೆನೋ ನೆನಪಿಲ್ಲ" ಎನ್ನುತ್ತಾಳೆ. ನಗು ಇರುವುದು ಅಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ಮನೆಯಲ್ಲಿ ಎರಡು ಹೆಗ್ಗಣಗಳಿದ್ದರೆ ಯಾವುದು ಹೆಚ್ಚು ಮುದ್ದು ಎಂಬುದನ್ನು ಗಾದೆ ಹೇಳುವುದಿಲ್ಲ. ಆ ಮಾತನ್ನು ಅದು ನಾಟಕಕಾರರಿಗೆ ಬಿಟ್ಟಿದೆ.

ಬಿಟ್ಟಿದ್ದನ್ನು ಎತ್ತಿಕೊಂಡವರಲ್ಲಿ ಟಿ.ಪಿ. ಕೈಲಾಸಂ (1884–1946) ದೊಡ್ಡವರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮೈಸೂರು ಸರ್ಕಾರದ ಕೆಲಸ ಸೇರಿ, ಅದನ್ನು ಬಿಟ್ಟು ನಾಟಕಕ್ಕೆ ಬಿದ್ದವರು. ಅವರ 'ಟೊಳ್ಳುಗಟ್ಟಿ' ನೂರು ವರ್ಷ ದಾಟಿದ ನಾಟಕ. ಪುಟ್ಟು ಪುಸ್ತಕದಿಂದ ತಲೆ ಎತ್ತದ ಹುಡುಗ, ಪರೀಕ್ಷೆಯಲ್ಲಿ ಮುಂದು. ಅವನ ಒಡಹುಟ್ಟಿದ ಮಾಧು ಓದಿನಲ್ಲಿ ಹಿಂದು, ಮನೆಯವರ ಕಷ್ಟಕ್ಕೆ ಮುಂದು. ಅಪ್ಪನ ತಕ್ಕಡಿ ಯಾರ ಕಡೆ ವಾಲುತ್ತದೆಂದು ಬೇರೆ ಹೇಳಬೇಕಿಲ್ಲ. ಕೊನೆಗೆ ಮನೆಗೆ ಬೆಂಕಿ ಬೀಳುತ್ತದೆ, ಯಾರು ಟೊಳ್ಳು ಯಾರು ಗಟ್ಟಿ ಎಂದು ಬಯಲಾಗುತ್ತದೆ.

ಇದನ್ನು ಮೊದಲ ಸಲ ಓದುವವರಿಗೆ ಇಂಗ್ಲಿಷ್ ಬೆರೆತ ಸಂಭಾಷಣೆ ತೊಡಕಾಗಬಹುದು. ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಕೈಲಾಸಂ ನಾಟಕಗಳನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸುತ್ತಿದ್ದವರು, ಅವು ಕಿವಿಗೆಂದೇ ಹುಟ್ಟಿದವು. ರಂಗದ ಮೇಲೆ ನೋಡುವುದಾದರೆ ಮಕ್ಕಳಿಬ್ಬರನ್ನು ಬಿಟ್ಟು ಅಪ್ಪನ ಪಾತ್ರಧಾರಿಯ ಮೇಲೆ ಕಣ್ಣಿಡಿ. ಒಬ್ಬ ಮಗನನ್ನು ಕರೆಯುವಾಗ ಆತನ ದನಿ ಎಲ್ಲಿ ಮೆತ್ತಗಾಗುತ್ತದೆ, ಇನ್ನೊಬ್ಬನಿಗೆ ಎಲ್ಲಿ ಗಡಸಾಗುತ್ತದೆ? ಒಳ್ಳೆಯ ನಟ ಇದನ್ನು ತನಗೇ ಗೊತ್ತಿಲ್ಲದವನಂತೆ ಮಾಡುತ್ತಾನೆ. ಬೇಕೆಂದೇ ಭೇದ ಮಾಡುವ ಅಪ್ಪ ಬರೀ ದುಷ್ಟ, ಅವನಿಂದ ನಗು ಹುಟ್ಟದು. ತಾನು ಧರ್ಮರಾಯನೆಂದುಕೊಂಡು ಭೇದ ಮಾಡುವ ಅಪ್ಪನೇ ಹಾಸ್ಯದ ಗಣಿ.

ಒಂದು ತಕರಾರೂ ನನಗಿದೆ. ಆ ಬೆಂಕಿ ತೀರಾ ಹೇಳಿ ಕಳಿಸಿದಂತೆ ಬರುತ್ತದೆ. ಇಲ್ಲಿ ಪಕ್ಷಪಾತ ಮಾಡುವವರು ಅಪ್ಪ ಒಬ್ಬರೇ ಅಲ್ಲ, ಕೈಲಾಸಂ ಕೂಡ. ಮಾಧು ಅವರ ಮುದ್ದಿನ ಮಗ. ನಿರ್ದೇಶಕರು ಸೂಕ್ಷ್ಮದವರಾಗಿದ್ದರೆ ಪುಟ್ಟುವಿಗೂ ಒಂದು ಪಾಲು ಕೊಡುತ್ತಾರೆ: ಮೊದಲ ಸ್ಥಾನದಿಂದ ಜಾರಿದರೆ ಅಪ್ಪನ ಪ್ರೀತಿಯೂ ಜಾರೀತೆಂಬ ದಿಗಿಲನ್ನು ಅವನ ಮುಖದಲ್ಲಿ ತೋರಿಸುತ್ತಾರೆ. ಅದು ಕಂಡರೆ ನೀವು ಒಳ್ಳೆಯ ಪ್ರಯೋಗ ನೋಡುತ್ತಿದ್ದೀರಿ ಎಂದು ತಿಳಿಯಿರಿ.

ಚಿತ್ರದುರ್ಗ, ತುಮಕೂರು ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ದಾರಿ ಬೇರೆ. ಅಲ್ಲಿ ರಂಗಕ್ಕೆ ಬಂದ ಪಾತ್ರವನ್ನು ಹಾಸ್ಯಗಾರ ಮಾತಿಗೆಳೆದು ಯಾರು, ಎತ್ತ ಎಂದು ಕೇಳುತ್ತಾನೆ. ಕೌರವರ ಕಥೆ ನಡೆಯುವಾಗ ಆ ಪ್ರಶ್ನೆಗಳಿಗೆ ಕಿವಿಗೊಡಿ. ಕಣ್ಣಿಲ್ಲದ ತಂದೆಗೂ ಕಾಣುವ ಮಗ ಒಬ್ಬನೇ ಎಂಬ ಪ್ರಸಂಗದಲ್ಲಿ ಕುಟುಕಲು ಜಾಗ ಬೇಕಾದಷ್ಟಿದೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಊರಿನಲ್ಲಿ ಮಹಾಭಾರತವೆಂದರೆ ಪಕ್ಕದ ಮನೆಯ ಪಾಲುಪಟ್ಟಿ.

ಕಣ್ಣು ಪಳಗಿಸಲು ಹೊಸದುರ್ಗ ತಾಲ್ಲೂಕಿನದೇ ಆದ ಸಾಣೇಹಳ್ಳಿಗೆ ಹೋಗಿ. 1987ರಲ್ಲಿ ಶುರುವಾದ ಶಿವಕುಮಾರ ಕಲಾಸಂಘ, 1997ರಿಂದ ಊರೂರು ತಿರುಗುವ ಶಿವಸಂಚಾರ ನಾಟಕ ತಂಡ, ಪ್ರತಿವರ್ಷದ ನಾಟಕೋತ್ಸವ, ಇವೆಲ್ಲ ಅಲ್ಲಿವೆ. ಯಾವ ನಾಟಕವಾದರೂ ಸರಿ, ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತರೆ ಎದುರು ಬದಿಯ ಪ್ರೇಕ್ಷಕರೂ ಕಣ್ಣಿಗೆ ಬೀಳುತ್ತಾರೆ. ಮನೆಮಂದಿಯ ಹಾಸ್ಯಕ್ಕೆ ಅದು ಹೇಳಿ ಮಾಡಿಸಿದ ಜಾಗ. ಹೆತ್ತವರನ್ನು ಕುಟುಕುವ ಮಾತು ಬಂದಾಗ ಮಕ್ಕಳು ಮೊದಲು ನಗುತ್ತಾರೆ, ಹಿರಿಯರು ಪಕ್ಕದಲ್ಲಿ ಕೂತ ಮಕ್ಕಳ ಮುಖ ನೋಡಿ ಆಮೇಲೆ ನಗುತ್ತಾರೆ.

ಸಾಧ್ಯವಾದರೆ 'ಟೊಳ್ಳುಗಟ್ಟಿ'ಗೆ ಒಡಹುಟ್ಟಿದವರನ್ನೇ ಕರೆದುಕೊಂಡು ಹೋಗಿ. ಹೊರಗೆ ಬಂದ ಮೇಲೆ ಯಾರು ಯಾರಂತೆ ಎಂದು ಕೇಳಿ ನೋಡಿ. ಅಣ್ಣನೂ ಮಾಧು, ತಮ್ಮನೂ ಮಾಧು, ತೌಡಿನ ಮಾತು ಹೇಳಿದ ಅಕ್ಕನೂ ಮಾಧು. ಪುಟ್ಟು ಯಾರೆಂದರೆ ಮೂವರ ಬೆರಳೂ ಬೇರೆ ಬೇರೆ ಕಡೆ ಹೋಗುತ್ತದೆ.