ಮಣೆಯನ್ನು ಮಗುಚಿ ನೋಡಿ

ಮರಗೆಲಸದ ಹವ್ಯಾಸಕ್ಕೆ ಬಿದ್ದವರು ಸಾಮಾನ್ಯವಾಗಿ ಊಟದ ಮೇಜಿನಿಂದಲೇ ಶುರು ಮಾಡುತ್ತಾರೆ. ಆರು ಜನ ಕೂರುವ ಮೇಜು, ಅದಕ್ಕೊಪ್ಪುವ ಬೆಂಚು, ಆಮೇಲೆ ಮಂಚ. ಟೇಬಲ್ ಸಾ, ರೂಟರ್, ಸ್ಯಾಂಡರ್ ಎಲ್ಲ ಒಂದೇ ಉತ್ಸಾಹದಲ್ಲಿ ಮನೆಗೆ ಬರುತ್ತವೆ. ಅಪಾರ್ಟ್‌ಮೆಂಟಿನ ಸಂಘದವರು ಸದ್ದಿನ ಬಗ್ಗೆ ತಕರಾರು ತೆಗೆಯುವ ಹೊತ್ತಿಗೆ ಮೇಜಿಗೆ ಮೂರು ಕಾಲು ಬಂದಿರುತ್ತದೆ. ನನ್ನ ಮಾತು ಕೇಳುವುದಾದರೆ ಮೊದಲು ಒಂದು ಮಣೆ ಮಾಡಿ. ನೆಲದ ಮೇಲೆ ಕೂತು ಉಣ್ಣುವ ಮನೆಗಳಲ್ಲಿ ಗೋಡೆಗೆ ಒರಗಿಸಿಟ್ಟಿರುತ್ತಿದ್ದ ಅದೇ ಮಣೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಹಲಗೆ, ಅಡಿಯಲ್ಲಿ ಎರಡು ಅಡ್ಡಪಟ್ಟಿ. ಮಾಡಲು ಅರ್ಧ ದಿನ ಸಾಕು ಅನ್ನಿಸುತ್ತದೆ. ಸಾಲುವುದಿಲ್ಲ.

ಊರಿನ ಮನೆಯ ಅಟ್ಟದಲ್ಲಿ ಹಳೆಯ ಮಣೆಗಳಿದ್ದರೆ ಇಳಿಸಿ, ಮಗುಚಿ ನೋಡಿ. ಅಡ್ಡಪಟ್ಟಿಗೆ ಸಾಲಾಗಿ ಮೊಳೆ ಹೊಡೆದದ್ದಾದರೆ ಹಲಗೆ ಎಳೆಯುದ್ದಕ್ಕೂ ಸೀಳಿರುವ ಸಂಭವ ಹೆಚ್ಚು. ಅದು ಕೂತವರ ಭಾರಕ್ಕೆ ಸೀಳಿದ್ದಲ್ಲ. ಹಲಗೆ ಕುಗ್ಗಲು ಹೊರಟಿತು, ಮೊಳೆ ಬಿಡಲಿಲ್ಲ.

ಈ ಕುಗ್ಗುವಿಕೆಯ ವಿಚಾರ ಗೊತ್ತಿಲ್ಲದೆ ಎಷ್ಟು ಬೆಲೆಯ ಯಂತ್ರ ಕೊಂಡರೂ ವ್ಯರ್ಥ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಪೊಳ್ಳಿನಲ್ಲಿ, ಮತ್ತು ಕೋಶಗಳ ಗೋಡೆಯಲ್ಲಿ. ಪೊಳ್ಳಿನ ನೀರು ಆರಿದರೆ ತೂಕ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗಿಳಿದು ಗೋಡೆಯ ನೀರು ಹೊರಡಲು ಶುರುವಾದಾಗ ಮರ ಕುಗ್ಗುತ್ತದೆ. ಅದೂ ಎಲ್ಲ ದಿಕ್ಕಿಗೆ ಸಮನಾಗಿ ಅಲ್ಲ. ಎಳೆಯುದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ, ಅದರಲ್ಲೂ ವರ್ಷದುಂಗುರಗಳ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ದಿಮ್ಮಿಯನ್ನು ಸುಮ್ಮನೆ ಪದರಪದರವಾಗಿ ಸೀಳಿ ತೆಗೆದ ಹಲಗೆಗಳು ದೋಣಿಯಂತೆ ಬಾಗುವುದಕ್ಕೆ ಈ ವ್ಯತ್ಯಾಸವೇ ಕಾರಣ. ತೊಗಟೆಯ ಕಡೆಯ ಮುಖ ಗುಳಿಬೀಳುತ್ತದೆ, ತಿರುಳಿನ ಕಡೆಯದು ಉಬ್ಬುತ್ತದೆ.

ಒಮ್ಮೆ ಒಣಗಿದ ಮೇಲೆ ಮುಗಿಯಿತೇ ಅಂದರೆ, ಇಲ್ಲ. ಮಳೆಗಾಲದಲ್ಲಿ ಬಿಗಿಯಾಗುವ ಬಾಗಿಲು ಚಳಿ ಕಳೆದ ಮೇಲೆ ಸಡಿಲವಾಗುವುದು ಎಲ್ಲರ ಮನೆಯಲ್ಲೂ ಕಂಡದ್ದೇ. ಕಡಿಮೆ ಕದಲುವ ಮರವೆಂದು ಹೆಸರಾದ ತೇಗದಲ್ಲೂ, ಒಂದಡಿ ಅಗಲದ ಹಲಗೆಯ ತೇವ ಶೇ. 14ರಿಂದ 9ಕ್ಕೆ ಇಳಿದರೆ ಎರಡೂವರೆ ಮೂರು ಮಿಲಿಮೀಟರ್ ಅಗಲ ಹೋಗುತ್ತದೆ. ಉಡುಪಿಯಲ್ಲಿ ಮಾಡಿದ ಮೇಜು ಕಲಬುರಗಿಯ ಏಪ್ರಿಲ್‌ಗೆ ಹೋದರೆ ಏನಾಗಬಹುದೆಂದು ನೀವೇ ಊಹಿಸಿ. ನಾಟಾದಲ್ಲಿ ಎಷ್ಟು ತೇವ ಇರಬಹುದೆಂದು ಹೇಳುವ ಭಾರತೀಯ ಮಾನಕ ಐಎಸ್ 287 ಕೂಡ ಇಡೀ ದೇಶಕ್ಕೆ ಒಂದೇ ಅಂಕಿ ಕೊಡುವುದಿಲ್ಲ; ಗಾಳಿಯ ತೇವ ನೋಡಿ ದೇಶವನ್ನು ನಾಲ್ಕು ವಲಯ ಮಾಡಿ, ವಲಯಕ್ಕೆ ತಕ್ಕ ಮಿತಿ ಹೇಳುತ್ತದೆ. ಅದಕ್ಕೇ ಸಾಮಿಲ್‌ನಿಂದ ತಂದ ಹಲಗೆಗೆ ಅದೇ ದಿನ ಉಳಿ ಇಡಬಾರದು. ಅದು ಇರಬೇಕಾದ ಕೋಣೆಯಲ್ಲೇ, ನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಕೆಲವು ವಾರ ಪೇರಿಸಿಡಿ.

ಈಗ ಮಣೆಗೆ ಬರೋಣ. ಹಲಗೆಯ ಎಳೆ ಉದ್ದಕ್ಕೆ, ಅಡ್ಡಪಟ್ಟಿಯ ಎಳೆ ಅದಕ್ಕೆ ಅಡ್ಡ. ಹಲಗೆಯ ಅಗಲ ಹಿಗ್ಗಿ ಕುಗ್ಗುತ್ತಿರುತ್ತದೆ. ಅದೇ ದಿಕ್ಕಿಗೆ ಮಲಗಿರುವ ಪಟ್ಟಿ ಮಾತ್ರ ಅಲುಗುವುದಿಲ್ಲ. ಇವೆರಡನ್ನೂ ಕೂಡಿಸಬೇಕು, ಆದರೆ ಕಟ್ಟಿಹಾಕಬಾರದು. ಸುಲಭದ ದಾರಿ ಸ್ಕ್ರೂ: ಪಟ್ಟಿಯ ನಡುವಿನ ತೂತು ಬಿಗಿಯಾಗಿರಲಿ, ಎರಡು ತುದಿಯ ತೂತುಗಳು ಉದ್ದುದ್ದಕ್ಕೆ ಇರಲಿ, ಸ್ಕ್ರೂ ಅದರೊಳಗೆ ಜರುಗಿಕೊಳ್ಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ.

ಆದರೆ ಮಣೆ ಮಾಡಿ ಎಂದು ನಾನು ಹೇಳಿದ್ದು ಇನ್ನೊಂದು ದಾರಿಗಾಗಿ. ಹಲಗೆಯ ಅಡಿಯಲ್ಲಿ ಅಡ್ಡಲಾಗಿ ಒಂದು ಕಾಲುವೆ ಕೊರೆಯಬೇಕು, ಬಾಯಿ ಕಿರಿದು, ಒಳಗೆ ಅಗಲ. ಪಟ್ಟಿಯ ಮೇಲಂಚನ್ನು ಅದೇ ಓರೆಗೆ ಕತ್ತರಿಸಿ ಪಕ್ಕದಿಂದ ತೂರಿಸಬೇಕು. ಮೊಳೆ ಬೇಡ, ಸ್ಕ್ರೂ ಬೇಡ, ಅಂಟೂ ಬೇಡ. ಬೇಕಿದ್ದರೆ ಪಟ್ಟಿಯ ನಡುಮಧ್ಯದಲ್ಲಿ ಮಾತ್ರ ಒಂದು ತೊಟ್ಟು ಫೆವಿಕಾಲ್. ಹಲಗೆ ಪಟ್ಟಿಯ ಮೇಲೆ ಜಾರುತ್ತ ಹಿಗ್ಗುತ್ತದೆ, ಕುಗ್ಗುತ್ತದೆ. ಬಾಗಲು ನೋಡಿದರೆ ಪಟ್ಟಿ ಬಿಡುವುದಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ಸ್ಲೈಡಿಂಗ್ ಡವ್‌ಟೇಲ್ ಎನ್ನುತ್ತಾರೆ. ರೂಟರ್ ಇದ್ದವರು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ, ಮುಗಿಸಲಿ. ಕೈಯಲ್ಲಿ ಮಾಡಿದರೆ ಮಾತ್ರ ಇದೊಂದೇ ಜೋಡಣೆ ಮರಗೆಲಸದ ಅರ್ಧ ಪಾಠ ಕಲಿಸಿಬಿಡುತ್ತದೆ.

ಗೆರೆಯನ್ನು ಪೆನ್ಸಿಲ್‌ನಿಂದಲ್ಲ, ಮೂಲೆಮಟ್ಟ ಇಟ್ಟು ಚೂರಿಯಿಂದ ಹಾಕಿ. ಪೆನ್ಸಿಲ್ ಗೆರೆಗೆ ಅಗಲವಿದೆ, ಗರಗಸ ಅದರ ಯಾವ ಬದಿಗೆ ಹೋಗಬೇಕೆಂದು ಅದು ಹೇಳುವುದಿಲ್ಲ. ಚೂರಿ ಗೆರೆಗೆ ಉಳಿಯ ತುದಿ ತಾನಾಗಿ ಬಂದು ಕೂರುತ್ತದೆ. ಕಾಲುವೆಯ ಗೋಡೆಗೆ ಆರಕ್ಕೆ ಒಂದರಿಂದ ಎಂಟಕ್ಕೆ ಒಂದರವರೆಗೆ ಓರೆ ಸಾಕು. ಆ ಓರೆಗೆ ಒಂದು ಮರದ ತುಂಡನ್ನು ಮೊದಲೇ ಕತ್ತರಿಸಿಟ್ಟುಕೊಂಡು, ಗರಗಸವನ್ನು ಅದಕ್ಕೆ ಒತ್ತಿ ಹಿಡಿದು ಕೊಯ್ಯಿರಿ. ಆಳ ಹಲಗೆಯ ದಪ್ಪದ ಮೂರನೇ ಒಂದು ಭಾಗ ಮೀರುವುದು ಬೇಡ. ನಡುವಿನದನ್ನು ಉಳಿಯಿಂದ ಎರಡೂ ಅಂಚಿನಿಂದ ಒಳಮುಖವಾಗಿ ತೆಗೆಯಿರಿ. ಒಂದೇ ಕಡೆಯಿಂದ ಹೊಡೆದುಕೊಂಡು ಹೋದರೆ ಆಚೆ ಅಂಚು ಸಿಡಿಯುತ್ತದೆ. ಇನ್ನೊಂದು ಗುಟ್ಟಿದೆ. ಕಾಲುವೆ ಆರಂಭದಿಂದ ಕೊನೆಗೆ ಒಂದೂವರೆ ಎರಡು ಮಿಲಿಮೀಟರ್ ಕಿರಿದಾಗುತ್ತ ಹೋಗಲಿ, ಪಟ್ಟಿಯೂ ಹಾಗೆಯೇ. ಆಗ ಮುಕ್ಕಾಲು ದೂರ ಕೈಯಲ್ಲೇ ತಳ್ಳಬಹುದು, ಕೊನೆಯ ಎರಡು ಇಂಚಿಗೆ ಮಾತ್ರ ಕೊಡತಿ. ಕಾಲುವೆ ಉದ್ದಕ್ಕೂ ಒಂದೇ ಅಗಲವಿದ್ದರೆ ಪಟ್ಟಿ ಅರ್ಧದಲ್ಲೇ ಹಿಡಿದುಕೊಳ್ಳುತ್ತದೆ, ಹಿಂದೆಯೂ ಬರುವುದಿಲ್ಲ.

ಇದಕ್ಕೆಲ್ಲ ಉಳಿ ಹರಿತವಿರಬೇಕು. ಅಂಗಡಿಯಿಂದ ಬಂದ ಹೊಸ ಉಳಿ ಹರಿತವೆಂದು ನಂಬುವವರೇ ಹೆಚ್ಚು. ಅದನ್ನು ಸಾಣೆ ಹಿಡಿಯುವುದು ಕೊಂಡವರ ಪಾಲಿನ ಕೆಲಸ. 25 ಡಿಗ್ರಿ ಓರೆ, ತುದಿಯಲ್ಲಿ ಮಾತ್ರ 30. ದುಬಾರಿ ಸಾಣೆಕಲ್ಲು ಬೇಕಿಲ್ಲ, ದಪ್ಪ ಗಾಜಿನ ಮೇಲೆ ಅಂಟಿಸಿದ ವಾಟರ್ ಪೇಪರ್ ಸಾಕು. ಉಳಿಯ ಬೆನ್ನು ಕನ್ನಡಿಯಷ್ಟು ಮಟ್ಟಸವಾಗುವವರೆಗೆ ಓರೆಯ ಕಡೆ ಕೈಯನ್ನೇ ಹಾಕಬೇಡಿ. ಮೆದು ಮರದ ಕೊಯ್ದ ತುದಿಯನ್ನು ಪುಡಿಯಾಗದಂತೆ ಸಿಪ್ಪೆಯಾಗಿ ತೆಗೆದರೆ ಉಳಿ ತಯಾರು. ಹತ್ತರಿಯ ಅಲಗಿಗೂ ಇದೇ ಪರೀಕ್ಷೆ.

ಬೆಂಚು ಬೇಕೇ ಎಂದು ಕೇಳುವವರಿಗೆ: ನಮ್ಮ ಆಚಾರ್ರು ತಲೆತಲಾಂತರದಿಂದ ನೆಲದ ಮೇಲೆ ಕೂತು, ಮರವನ್ನು ಕಾಲಿನಿಂದ ಅದುಮಿ ಹಿಡಿದು ಕೆಲಸ ಮಾಡಿದವರು. ನಿಂತು ಕೆಲಸ ಮಾಡುವ ಭಾರಿ ಬೆಂಚು ಯುರೋಪಿನ ಪದ್ಧತಿ, ಅದಕ್ಕೊಂದು ಕೋಣೆ ಬೇಕು. ಬಾಲ್ಕನಿಯಲ್ಲಿ ಒಂದು ಚಾಪೆ, ಗೋಡೆಗೆ ತಾಗಿಸಿಟ್ಟ ಒಂದು ದಪ್ಪ ತೊಲೆ ಇದ್ದರೆ ಮಣೆಯ ಕೆಲಸ ನಡೆಯುತ್ತದೆ. ಮಂಡಿನೋವು ಇರುವವರು ಬೆಂಚನ್ನೇ ಮಾಡಿಕೊಳ್ಳಿ, ಹಟ ಬೇಡ.

ಮರ ಯಾವುದು? ಬೀಟೆಯ ಆಸೆ ಬಿಡಿ. ಬೀಟೆ ಸೇರಿದ ಕುಲ ಹೆಚ್ಚುಕಡಿಮೆ ಪೂರ್ತಿಯಾಗಿ 2017ರಿಂದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ನಮ್ಮ ಅರಣ್ಯ ಕಾನೂನು ಅದಕ್ಕೂ ಮೊದಲಿಂದ ಕಾವಲಿದೆ. ಎಲ್ಲಿಂದ ಬಂತೆಂಬ ಕಾಗದವಿಲ್ಲದ ತುಂಡನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ತೇಗ ಒಳ್ಳೆಯದೇ, ಆದರೆ ಅದರಲ್ಲಿರುವ ಸಿಲಿಕಾ ಉಳಿಯ ಹರಿತವನ್ನು ಬೇಗ ತಿನ್ನುತ್ತದೆ, ಕಲಿಯುವವರ ತಾಳ್ಮೆಯನ್ನೂ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ. ಪ್ಲೈವುಡ್ಡಿಗೆ ಹೋಗುವ ಸಾಮಾನ್ಯ ಮರವೆಂದು ಇದನ್ನು ಕಡೆಗಣಿಸುವವರುಂಟು. ತಿರುಳಿನಿಂದ ತೊಗಟೆಗೆ ನೇರವಾಗಿ ಸೀಳಿದ ಹಲಗೆಗೆ ಹತ್ತರಿ ಹಾಕಿ ನೋಡಲಿ: ಮೈತುಂಬ ಕಸೂತಿಯಂಥ ಮಿನುಗುಚುಕ್ಕೆಗಳು. ಆದರೂ ನನ್ನ ಮತ ಹಲಸಿಗೆ. ಕತ್ತರಿಸಿದಾಗ ಅರಿಸಿನದ ಬಣ್ಣ, ಬೆಳಕಿಗೆ ತೆರೆದಿಟ್ಟಂತೆ ವರ್ಷಗಳಲ್ಲಿ ಕಂದು. ವೀಣೆಯ ಕೊಡಕ್ಕೆ ಒಗ್ಗಿದ ಮರ ಮಣೆಗೆ ಒಗ್ಗದಿರುತ್ತದೆಯೇ! ಚೇಗಿನ ಭಾಗವನ್ನೇ ಕೇಳಿ ತನ್ನಿ. ಹೊರಗಿನ ಬಿಳಿ ಭಾಗದ ಪಿಷ್ಟಕ್ಕೆ ಹುಳು ಬೀಳುತ್ತದೆ. ಅಂಗಡಿಯವರು ಕೊಟ್ಟದ್ದು ಯಾವ ಮರವೆಂದೇ ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು. ತುಂಡೊಂದನ್ನು ಒಯ್ದರೆ ಪರೀಕ್ಷಿಸಿ ಜಾತಿ ಹೇಳುತ್ತಾರೆ.

ಬೆಲೆ ಘನ ಅಡಿಯ ಲೆಕ್ಕದಲ್ಲಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ನಮ್ಮ ಹಲಗೆ ಒಂದೂಕಾಲು ಇಂಚು ದಪ್ಪವಿದ್ದರೆ 0.156 ಘನ ಅಡಿ. ಊಟದ ಮೇಜಿಗೆ ಬೇಕಾಗುವುದರ ಮುಂದೆ ಇದು ಏನೂ ಅಲ್ಲ. ಕೆಟ್ಟರೆ ಮತ್ತೊಂದು ತಂದರಾಯಿತು.

ತಂದ ಹಲಗೆಯಲ್ಲಿ ಬಿರುಕಿದ್ದರೆ ಎಸೆಯಬೇಕಿಲ್ಲ. ಜಪಾನಿ ಮೂಲದ ಅಮೆರಿಕನ್ ಜಾರ್ಜ್ ನಕಾಶಿಮಾ 1930ರ ದಶಕದ ಕೊನೆಯಲ್ಲಿ ಪುದುಚೇರಿಯ ಅರವಿಂದಾಶ್ರಮಕ್ಕೆ ಗೋಲ್ಕೊಂಡೆ ಎಂಬ ವಸತಿಗೃಹ ಕಟ್ಟಲು ಬಂದರು. ವಾಸ್ತುಶಿಲ್ಪಿಯಾಗಿ ಬಂದವರು ಅಲ್ಲಿನ ತೇಗದ ಪೀಠೋಪಕರಣಗಳನ್ನೂ ವಿನ್ಯಾಸ ಮಾಡಿದರು. ಮುಂದೆ ಅಮೆರಿಕದಲ್ಲಿ ಮರಗೆಲಸವನ್ನೇ ಹಿಡಿದಾಗ, ಬಿರುಕು ಬಿಟ್ಟ ಹಲಗೆಗಳನ್ನು ಮುಚ್ಚಿಡದೆ, ಬಿರುಕಿಗೆ ಅಡ್ಡಲಾಗಿ ಚಿಟ್ಟೆಯಾಕಾರದ ಗಟ್ಟಿಮರದ ತುಂಡು ಕೂರಿಸಿ ಹಾಗೆಯೇ ಮೇಜು ಮಾಡಿದರು. ಈಗ ಅದೇ ಬಿರುಕಿಗೆ ನೀಲಿ ಎಪಾಕ್ಸಿ ಸುರಿದು ನದಿ ಎಂದು ಹೆಸರಿಡುವ ಶೋಕಿ ಬಂದಿದೆ. ಆ ಮೇಜುಗಳ ಬಗ್ಗೆ ನಾನು ಮಾತಾಡದಿರುವುದೇ ವಾಸಿ.

ಕೊನೆಗೆ ಎಣ್ಣೆ. ಮಣೆಗೆ ನೀರು, ಬಿಸಿ ಸಾರು ಬೀಳುತ್ತದೆ, ಆದ್ದರಿಂದ ಅರಗಿನ ಪಾಲಿಶ್ ಬೇಡ. ಎರಡೂ ಅದರ ಮೇಲೆ ಬಿಳಿ ಕಲೆ ಬಿಡುತ್ತವೆ. ಕೊಬ್ಬರಿ ಎಣ್ಣೆಯೂ ಬೇಡ, ಕಡಲೆಕಾಯಿ ಎಣ್ಣೆಯೂ ಬೇಡ, ಅವು ಒಣಗುವ ಜಾತಿಯವಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತವೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಮೇಲುಳಿದದ್ದನ್ನು ಪೂರ್ತಿ ಒರೆಸಿ, ಒಣಗಿದ ಮೇಲೆ ಇನ್ನೊಂದು ಸಲ, ಕೊನೆಗೆ ಜೇನುಮೇಣ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೇ ಕೂಡಿ ಅದು ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ತಂತಿಯ ಮೇಲೆ ಒಂಟಿಯಾಗಿ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ. ಡ್ರೈಯರ್ ಬೆರೆಸದ ಎಣ್ಣೆ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಹಬ್ಬವಿದ್ದರೂ ಸರಿ, ಮಾವನವರೇ ಬಂದರೂ ಸರಿ, ಬಿಳಿ ಪಂಚೆ ಉಟ್ಟವರನ್ನು ಅದರ ಮೇಲೆ ಕೂರಿಸಬೇಡಿ.