ಐನೂರರ ಗೆರೆಯಾಚೆ

ತಿಪಟೂರು ಸೀಮೆಯಿಂದ ಹೊರದೇಶಕ್ಕೆ ಓದಲು ಹೋಗುವವರಲ್ಲಿ ತೋಟವಿದ್ದವರು ತೋಟವನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ಎತ್ತುತ್ತಾರೆ. ಕೈ ಹಿಡಿಯಲು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕೊಬ್ಬರಿಯೂ ಇರುತ್ತದೆ. ಅದೇ ತೋಟಗಳಲ್ಲಿ ಕಾಯಿ ಕೆಡವುವ, ಸುಲಿಯುವ ಮನೆಗಳ ಮಕ್ಕಳಿಗೆ ಅಡವಿಡಲು ಏನೂ ಇಲ್ಲ. ಅವರಲ್ಲಿ ಪರಿಶಿಷ್ಟ ಜಾತಿಯವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ದೊಡ್ಡ ಆಸರೆ. 1954-55ರಲ್ಲಿ ಶುರುವಾದ ಈ ಯೋಜನೆಯಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ, ಅವುಗಳಲ್ಲಿ 115 ಪರಿಶಿಷ್ಟ ಜಾತಿಗೆ. ವರ್ಷದ ಆದಾಯ 8 ಲಕ್ಷ ದಾಟದ ಮನೆಯ ಮಕ್ಕಳಿಗೆ ಶುಲ್ಕ, ಜೀವನವೆಚ್ಚ, ವಿಮಾನದ ಖರ್ಚು ಎಲ್ಲವೂ ಸಿಗುತ್ತದೆ. ಇಂಥ ಯೋಜನೆಯನ್ನು ಹಗುರವಾಗಿ ಟೀಕಿಸಲು ನನಗೆ ಮನಸ್ಸಿಲ್ಲ. ಆದರೆ ಅದರ ಒಂದು ಷರತ್ತನ್ನು ಒಪ್ಪಲಾರೆ: ಸೇರುವ ವಿಶ್ವವಿದ್ಯಾಲಯ ಕ್ಯೂಎಸ್ ಜಾಗತಿಕ ಪಟ್ಟಿಯ ಮೊದಲ 500ರೊಳಗೆ ಇರಬೇಕು.

ಆ ಗೆರೆಯ ಆಚೆ ಉಳಿದವುಗಳಲ್ಲಿ ಅಮೆರಿಕದ ಕಪ್ಪು ಜನರ ಕಾಲೇಜುಗಳೂ ಇವೆ. ಬಿಳಿಯರ ಕಾಲೇಜುಗಳು ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಗುಲಾಮರ ಮಕ್ಕಳಿಗಾಗಿ ಎದ್ದು ನಿಂತ ಸಂಸ್ಥೆಗಳಿವು. ಫಿಸ್ಕ್ 1866ರದು, ಹೋವರ್ಡ್ ಮತ್ತು ಮೋರ್‌ಹೌಸ್ 1867ರವು, ಟಸ್ಕೀಗಿ 1881ರದು. ಇಂದಿಗೂ ಸುಮಾರು ನೂರು ಇವೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ ಹೇಗೆ ಕಲಿಸಬೇಕು, ಅದರ ಅಂಜಿಕೆಯನ್ನು ಹೇಗೆ ಬಿಡಿಸಬೇಕು ಎಂಬುದನ್ನು ಒಂದೂವರೆ ಶತಮಾನ ರೂಢಿಸಿಕೊಂಡು ಬಂದ ಜಾಗಗಳು. ಅವುಗಳಲ್ಲಿ ಒಂದೂ ಆ 500ರಲ್ಲಿಲ್ಲ.

ಈ ಕಾಲೇಜುಗಳಿಗೂ ನಮ್ಮ ನಾಡಿಗೂ ಹಳೆಯ ನಂಟಿದೆ. 1937ರ ಜನವರಿಯಲ್ಲಿ ಮೈಸೂರಿನಲ್ಲಿ ವೈಎಂಸಿಎಯ ವಿಶ್ವ ಸಮ್ಮೇಳನ ನಡೆಯಿತು. ಹೋವರ್ಡ್‌ನಲ್ಲಿ ಧರ್ಮಶಾಸ್ತ್ರ ವಿಭಾಗದ ಡೀನ್ ಆಗಿದ್ದ ಬೆಂಜಮಿನ್ ಮೇಸ್ ಅದಕ್ಕೆ ಬಂದಿದ್ದರು. ದಕ್ಷಿಣ ಕೆರೊಲಿನಾದಲ್ಲಿ ಹತ್ತಿ ಬೆಳೆಯುತ್ತಿದ್ದ ಗೇಣಿದಾರರ ಮಗ. ತಂದೆತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ಮುಂದೆ ಮೋರ್‌ಹೌಸ್‌ನ ಅಧ್ಯಕ್ಷರಾಗಿ, ಅಲ್ಲಿ ಓದುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್‌ಗೆ ಗುರುವಾದರು. ಮೈಸೂರಿನಲ್ಲಿ ಅಸ್ಪೃಶ್ಯ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಅವರನ್ನೇ ಹುಡುಕಿಕೊಂಡು ಬಂದು ತಮ್ಮ ಶಾಲೆಗೆ ಕರೆದೊಯ್ದರು. ಇವರೂ ನಮ್ಮ ಹಾಗೆಯೇ ಅಸ್ಪೃಶ್ಯರು, ಅಮೆರಿಕದ ಅಸ್ಪೃಶ್ಯರು ಎಂದು ಮಕ್ಕಳಿಗೆ ಪರಿಚಯಿಸಿದರು. ಮೇಸ್‌ಗೆ ಮೊದಲು ದಿಗಿಲಾಯಿತು, ಸಿಟ್ಟೂ ಬಂತು. ಆಮೇಲೆ ಕೂತು ಯೋಚಿಸಿದಾಗ ಆ ಮಾತಿನಲ್ಲಿ ನಿಜವಿದೆ ಎನಿಸಿತು. 1971ರಲ್ಲಿ ಬಂದ ತಮ್ಮ ಆತ್ಮಕಥೆ 'ಬಾರ್ನ್ ಟು ರೆಬೆಲ್'ನಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ದೊಡ್ಡ ವಿದ್ವಾಂಸನೊಬ್ಬ ತನ್ನ ಸಿಟ್ಟನ್ನೂ ಆ ಸಿಟ್ಟು ಇಳಿದ ಬಗೆಯನ್ನೂ ಒಟ್ಟಿಗೆ ಹೇಳಿಕೊಳ್ಳುವುದು ಅಪರೂಪ. ಹೊರದೇಶಕ್ಕೆ ಹೋಗುವುದರಿಂದ ಏನು ಕಲಿಯಬಹುದು ಎಂದು ಯಾರಾದರೂ ಕೇಳಿದರೆ ನಾನು ಆ ಪುಟಗಳನ್ನೇ ತೋರಿಸುತ್ತೇನೆ.

ಒಂದು ಕೊರತೆಯೂ ಅಲ್ಲಿದೆ. ಮೇಸ್ ಏನು ಕಲಿತರು ಎಂಬುದು ಗೊತ್ತಾಗುತ್ತದೆ, ಆ ಮಕ್ಕಳ ದನಿ ಕೇಳಿಸುವುದಿಲ್ಲ. ಮೇಸ್ ಬರುವುದಕ್ಕೆ ಒಂದು ವರ್ಷ ಮೊದಲು ಹೋವರ್ಡ್‌ನಿಂದಲೇ ಹೋವರ್ಡ್ ಥರ್ಮನ್ ಭಾರತಕ್ಕೆ ಬಂದು ಗಾಂಧಿಯವರನ್ನು ಕಂಡಿದ್ದರು. 1950-51ರಲ್ಲಿ ಹೋವರ್ಡ್‌ನ ಇತಿಹಾಸದ ಪ್ರಾಧ್ಯಾಪಕಿ ಮರ್ಜ್ ಟೇಟ್ ಫುಲ್‌ಬ್ರೈಟ್ ಪಡೆದು ಶಾಂತಿನಿಕೇತನದಲ್ಲಿದ್ದರು. ಅಲ್ಲಿಂದ ಇಲ್ಲಿಗೆ ಅವರು ಬರುತ್ತಲೇ ಇದ್ದರು. ಮೈಸೂರಿನ ಆ ಶಾಲೆಯ ಮಗುವಿಗೆ ಹೋವರ್ಡ್‌ಗೆ ಹೋಗುವ ದಾರಿ ಮಾತ್ರ ಆಗ ಇರಲಿಲ್ಲ. ಈಗ ದಾರಿಯಾಗಿದೆ, ದಾರಿಗೆ ಅಡ್ಡಲಾಗಿ ಐನೂರರ ಗೆರೆಯೂ ಬಿದ್ದಿದೆ.

ತಿಪಟೂರಿನ ಪಕ್ಕದ ತುರುವೇಕೆರೆಯ ಹಳ್ಳಿಯೊಂದರಿಂದ ಬಂದು ಕೃಷಿ ಪದವಿ ಮುಗಿಸಿದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ನುಸಿ ಬಿದ್ದು ಕಾಯಿ ಸಣ್ಣಗಾದದ್ದು, ಅಣಬೆ ರೋಗಕ್ಕೆ ಸಾಲುಸಾಲಾಗಿ ಮರ ಒಣಗಿದ್ದು, ಕಪ್ಪು ತಲೆ ಹುಳು ಗರಿಯ ಹಸಿರನ್ನೆಲ್ಲ ತಿಂದದ್ದು ಅವಳ ಕಣ್ಣೆದುರಿನ ಪಾಠ. ಮರ ಒಣಗಿದರೆ ಒಡೆಯನಿಗೆ ಬೆಳೆ ಹೋಗುತ್ತದೆ, ಅವಳ ಅಪ್ಪನಿಗೆ ಕೂಲಿ ಹೋಗುತ್ತದೆ. ಬಡ ರೈತನ ಕೈಗೆಟುಕುವ ವಿಜ್ಞಾನ ಎಲ್ಲಿ ಸಿಗುತ್ತದೆ ಎಂದು ಹುಡುಕಿದರೆ ಅವಳು ಅಲಬಾಮಾದ ಟಸ್ಕೀಗಿಗೆ ಬಂದು ನಿಲ್ಲುತ್ತಾಳೆ. ಗುಲಾಮನಾಗಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1896ರಲ್ಲಿ ಅಲ್ಲಿಗೆ ಬಂದು, ಹತ್ತಿ ಬೆಳೆದು ಸತ್ವ ಕಳೆದುಕೊಂಡ ನೆಲಕ್ಕೆ ಕಡಲೆಕಾಯಿ, ಗೆಣಸು ಹೇಳಿಕೊಟ್ಟರು. 1906ರಲ್ಲಿ ಗಾಡಿ ಕಟ್ಟಿ, ಕಾಲೇಜಿಗೆ ಬರಲಾಗದ ಕಪ್ಪು ರೈತರ ಹೊಲಕ್ಕೇ ಪಾಠ ಹೋಗುವಂತೆ ಮಾಡಿದರು. ರೈತರ ಬಳಿಗೆ ವಿಜ್ಞಾನ ಒಯ್ಯುವ, ತಿಪಟೂರಿನ ಪಕ್ಕದ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಬಲ್ಲವರಿಗೆ ಈ ಗಾಡಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಪಟ್ಟಿಯಲ್ಲಿ ಇಲ್ಲವೆಂದರೆ ಗುಣವೂ ಇಲ್ಲವೆಂದು ತಾನೆ ಅರ್ಥ ಎನ್ನುವವರಿದ್ದಾರೆ. ರ‍್ಯಾಂಕು ಬಹುಪಾಲು ಸಂಶೋಧನೆಗೆ ಸಿಗುವ ಉಲ್ಲೇಖವನ್ನೂ ಹೆಸರನ್ನೂ ಅಳೆಯುತ್ತದೆ, ಎರಡಕ್ಕೂ ದುಡ್ಡು ಬೇಕು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಶಿಕ್ಷಣ ಮತ್ತು ಕೃಷಿ ಇಲಾಖೆಗಳ ಮುಖ್ಯಸ್ಥರು 16 ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದರು. ಬಿಳಿಯರಿಗಾಗಿ ಕಟ್ಟಿದ ಕೃಷಿ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ ಕಪ್ಪು ಜನರವಕ್ಕೆ ಮೂವತ್ತು ವರ್ಷಗಳಲ್ಲಿ 1,200 ಕೋಟಿ ಡಾಲರ್‌ಗೂ ಮಿಕ್ಕಿದ ಹಣ ಕಡಿಮೆ ಕೊಟ್ಟಿದ್ದೀರಿ ಎಂಬುದು ಅದರ ಒಕ್ಕಣೆ. ಅಂದರೆ ಅಲ್ಲಿನ ಅನ್ಯಾಯದ ಲೆಕ್ಕವನ್ನೇ ನಾವು ಗುಣದ ಲೆಕ್ಕವೆಂದು ತಂದು, ಇಲ್ಲಿ ಅದೇ ಬಗೆಯ ಅನ್ಯಾಯ ಉಂಡ ಮಕ್ಕಳ ಮುಂದೆ ಇಡುತ್ತಿದ್ದೇವೆ. ನಮ್ಮೂರಲ್ಲಿ ಸಿಪ್ಪೆಯ ದಪ್ಪ ನೋಡಿ ಯಾರೂ ಕೊಬ್ಬರಿಯಾಗಿದೆ ಎನ್ನುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ.

ಜಾಗದ ಮೇಲೆ ಬಿದ್ದ ಗೆರೆಯ ಜೊತೆಗೆ ಪ್ರಶ್ನೆಯ ಮೇಲೂ ಒಂದು ಬಿದ್ದಿದೆ. ಯೋಜನೆಯ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ಸಂಶೋಧನೆಗೆ ಈ ಹಣ ಇಲ್ಲವೆಂದಿತು. ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾದಲ್ಲಿ ಓದಿದ ಪ್ರಬಂಧ ಭಾರತದ ಜಾತಿಗಳ ಬಗ್ಗೆಯೇ ಇತ್ತು. ತುರುವೇಕೆರೆಯ ಕೂಲಿಯ ಮನೆಯನ್ನೂ ಅಲಬಾಮಾದ ಗೇಣಿದಾರನ ಮನೆಯನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ ಎನ್ನುವವಳಿಗೆ ಹೀಗೆ ಎರಡೂ ಕಡೆ ಬೇಲಿ. ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನ ಅಂಬೇಡ್ಕರರಿಗೆ ಕೊಟ್ಟ ಸ್ವಾತಂತ್ರ್ಯವನ್ನು ಅವರೇ ಬರೆದ ಸಂವಿಧಾನದ ಸರ್ಕಾರ ಕಡಿಮೆ ಮಾಡಿದ್ದು ನನಗೆ ಸಂಕಟದ ಸಂಗತಿ.

ಆ ಕಾಲೇಜುಗಳೆಲ್ಲ ಒಂದೇ ಮಟ್ಟದವು ಎನ್ನಲಾರೆ. ದುಡ್ಡಿಲ್ಲದೆ ಸೊರಗಿದವು ಇವೆ, ಮಾನ್ಯತೆ ಕಳೆದುಕೊಂಡವೂ ಇವೆ. ಅಲ್ಲಿನ ವಿದ್ಯಾರ್ಥಿಗಳೇ ಸಾಲದಲ್ಲಿ ಓದುವಾಗ ನಮ್ಮವರಿಗೆ ಅವರಿಂದ ಹೆಚ್ಚಿನ ನೆರವು ಸಿಗುವುದೂ ಕಷ್ಟ. ಹಾಗಾಗಿಯೇ ನಮ್ಮ ಸರ್ಕಾರದ ಹಣ ಅಲ್ಲಿಗೆ ಬೇಕಾಗಿರುವುದು. ಅಳತೆಗೋಲು ಇರಲಿ, ಆದರೆ ವಿಷಯವಾರು ನೋಡಲಿ, ಕಾಲೇಜಿನ ಮಾನ್ಯತೆ ನೋಡಲಿ, ಬಡವರ ಮನೆಯಿಂದ ಬಂದ ಎಷ್ಟು ಮಂದಿ ಅಲ್ಲಿ ಪದವಿ ಮುಗಿಸುತ್ತಾರೆ ಎಂಬುದನ್ನು ನೋಡಲಿ. 125ರಲ್ಲಿ ಹತ್ತೇ ಸ್ಥಾನ ಹೀಗೆ ತೆರೆದರೂ ಆದೀತು. ಅಲ್ಲಿಂದಲೂ ಒಬ್ಬ ವಿದ್ಯಾರ್ಥಿ ಕೊನೆಹಳ್ಳಿಗೆ ಬಂದು, ಕಾಯಿ ಅಟ್ಟಕ್ಕೆ ಏರಿದ ದಿನದಿಂದ ಕೊಬ್ಬರಿಯಾಗಿ ಇಳಿಯುವ ದಿನದವರೆಗೆ ಚಿಕ್ಕನಾಯಕನಹಳ್ಳಿಯ ಯಾವುದಾದರೂ ಕೂಲಿಕಾರರ ಕೇರಿಯಲ್ಲಿ ಇದ್ದು ಹೋಗಲಿ. ಈ ಸಲ ಮಕ್ಕಳ ಮಾತನ್ನೂ ಬರೆದುಕೊಳ್ಳಲಿ.